ಈಗ ಯಾವ ಗೇಮ್ ಆಡ್ತಿದ್ದೀಯ?

2025ರ ಸೆಪ್ಟೆಂಬರ್ 4ರ ಸಂಜೆ ‘ಹಾಲೋ ನೈಟ್: ಸಿಲ್ಕ್‌ಸಾಂಗ್’ ಮಾರಾಟಕ್ಕೆ ಬಂದ ಕೆಲವೇ ನಿಮಿಷಗಳಲ್ಲಿ ಸ್ಟೀಮ್, ಪ್ಲೇಸ್ಟೇಷನ್, ನಿಂಟೆಂಡೊ, ಎಕ್ಸ್‌ಬಾಕ್ಸ್‌ನ ಆನ್‌ಲೈನ್ ಅಂಗಡಿಗಳು ಕೊಳ್ಳುವವರ ನೂಕುನುಗ್ಗಲು ತಾಳಲಾರದೆ ತತ್ತರಿಸಿದವು. ಈ ಗೇಮ್ ಮಾಡಿದ್ದು ಆಸ್ಟ್ರೇಲಿಯಾದ ಅಡಿಲೇಡ್ ನಗರದ ಟೀಮ್ ಚೆರ್ರಿ ಎಂಬ ಬೆರಳೆಣಿಕೆಯ ಜನರ ತಂಡ. 2019ರ ಫೆಬ್ರವರಿಯಲ್ಲಿ ಘೋಷಣೆಯಾದ ಆಟಕ್ಕಾಗಿ ಜನ ಆರೂವರೆ ವರ್ಷ ಕಾದಿದ್ದರು. ಸ್ಟೀಮ್ ಒಂದರಲ್ಲೇ ಏಕಕಾಲಕ್ಕೆ ಐದು ಲಕ್ಷಕ್ಕೂ ಹೆಚ್ಚು ಮಂದಿ ಆಡಲು ಕೂತರು. ವಾರ ಕಳೆಯುವಷ್ಟರಲ್ಲಿ ಅವರಲ್ಲಿ ಎರಡು ಪಂಗಡಗಳಾಗಿದ್ದವು. ಇಷ್ಟು ಕಷ್ಟ ಕೊಡುವುದು ಆಟವೋ ಶಿಕ್ಷೆಯೋ ಎಂದಿತು ಒಂದು. ಕಷ್ಟವೇ ಇದರ ಜೀವ, ಅದನ್ನು ತೆಗೆದರೆ ಏನು ಉಳಿಯುತ್ತದೆ ಎಂದಿತು ಇನ್ನೊಂದು.

ಎರಡು ಮಾತನ್ನೂ ಆಟದೊಳಗೆ ಇಳಿದೇ ತೂಗಿ ನೋಡಬೇಕು. ಇದರ ನಾಯಕಿ ಹಾರ್ನೆಟ್‌ಗೆ ಶುರುವಿನಲ್ಲಿ ಐದು ಜೀವ. ಸ್ವಲ್ಪ ಮುಂದೆ ಹೋದರೆ ಅನೇಕ ಶತ್ರುಗಳ ಒಂದೊಂದು ಹೊಡೆತಕ್ಕೂ ಎರಡೆರಡು ಜೀವ ಹೋಗುತ್ತವೆ. ಅಂದರೆ ಮೂರನೇ ಪೆಟ್ಟಿಗೆ ಕಥೆ ಮುಗಿಯಿತು. ಸತ್ತರೆ ಕೊನೆಯ ಸಲ ಕೂತಿದ್ದ ಬೆಂಚಿನಿಂದ ಮತ್ತೆ ಹೊರಡಬೇಕು. ಕೆಲವು ಬೆಂಚುಗಳಲ್ಲಿ ಕೂರಬೇಕಾದರೆ ಗಳಿಸಿದ ಮಣಿಗಳನ್ನು ತೆತ್ತು ಕೂರಬೇಕು. ಬ್ಲಾಸ್ಟೆಡ್ ಸ್ಟೆಪ್ಸ್ ಎಂಬ ಗಾಳಿ ಬೀಸುವ ಬೆಟ್ಟದ ತುದಿಯಲ್ಲಿ ಲಾಸ್ಟ್ ಜಡ್ಜ್ ಎಂಬ ಬಾಸ್ ನಿಂತಿದೆ. ಬೆಂಚಿನಿಂದ ಅದರ ಬಾಗಿಲವರೆಗೆ ಹಾರುತ್ತ, ನೆಗೆಯುತ್ತ, ದಾರಿಯ ಹುಳುಗಳಿಂದ ತಪ್ಪಿಸಿಕೊಳ್ಳುತ್ತ ಹೋಗಬೇಕು. ಹೋಗಿ ಸೋತರೆ ಅದೇ ದಾರಿ ಮತ್ತೆ. ಕಡೆಗೂ ಗೆದ್ದೆ ಅನ್ನುವಷ್ಟರಲ್ಲಿ ಆ ದೈತ್ಯ ಸಾಯುತ್ತಲೇ ಸಿಡಿಯುತ್ತದೆ, ಹತ್ತಿರ ನಿಂತವರಿಗೆ ಆ ಸಿಡಿತವೂ ತಾಗುತ್ತದೆ. ಜನ ಸಿಟ್ಟಾಗಿದ್ದು ಬಾಸ್ ಮೇಲಲ್ಲ, ಆ ದಾರಿಯ ಮೇಲೆ. ರಜೆಯಲ್ಲಿರುವ ವಿದ್ಯಾರ್ಥಿಗೆ ಇಪ್ಪತ್ತು ಸಲ ಆ ದಾರಿ ತುಳಿಯುವುದು ಅಭ್ಯಾಸ. ಕಚೇರಿ ಮುಗಿಸಿ, ಮಗುವನ್ನು ಮಲಗಿಸಿ, ರಾತ್ರಿ ಹತ್ತಕ್ಕೆ ಕಂಟ್ರೋಲರ್ ಹಿಡಿಯುವವರಿಗೆ ಅದೇ ದಾರಿ ಆ ದಿನದ ಇಡೀ ಬಿಡುವನ್ನು ನುಂಗುತ್ತದೆ. ಇಬ್ಬರೂ ಹೇಳುವುದು ನಿಜ. ತಂಡವೂ ಮೊದಲ ತಿದ್ದುಪಡಿಯಲ್ಲೇ ಆರಂಭದ ಇಬ್ಬರು ಬಾಸ್‌ಗಳನ್ನು ಒಂದಿಷ್ಟು ಸಡಿಲಿಸಿತು.

ಇದೇ ಆಟದ ಬಗ್ಗೆ ಚೀನಾದಲ್ಲಿ ಎದ್ದ ದೂರು ಬೇರೆಯದೇ. ಅಲ್ಲಿನವರಿಗೆ ಕೊಟ್ಟ ಚೀನೀ ಅನುವಾದ ಅಸಹಜವಾಗಿದೆ, ಓದಲು ಹಿಂಸೆಯಾಗುತ್ತದೆ ಎಂದು ಸಾವಿರಾರು ಜನ ಆಟವನ್ನೇ ತಿರಸ್ಕರಿಸಿ ಬರೆದರು. ಸ್ಟೀಮ್ ಅದಕ್ಕೆ ಸ್ವಲ್ಪ ಮುಂಚೆ, 2025ರ ಆಗಸ್ಟ್‌ನಲ್ಲಿ, ವಿಮರ್ಶೆಗಳ ಒಟ್ಟು ಫಲಿತಾಂಶವನ್ನು ಭಾಷೆವಾರು ಬಿಡಿಸಿ ತೋರಿಸುವ ಏರ್ಪಾಡು ಮಾಡಿತ್ತು. ಹಾಗಾಗಿ ಒಂದೇ ವಾರದಲ್ಲಿ, ಒಂದೇ ಆಟಕ್ಕೆ, ಇಂಗ್ಲಿಷಿನಲ್ಲಿ ಹೊಗಳಿಕೆಯ ಮಳೆ ಮತ್ತು ಚೀನೀಯಲ್ಲಿ ಅಸಮಾಧಾನ ಅಕ್ಕಪಕ್ಕ ಕಂಡವು.

ಸಿನಿಮಾ ಎಲ್ಲರಿಗೂ ಒಂದೇ ಎರಡೂವರೆ ಗಂಟೆ. ಕಾದಂಬರಿಯ ಪುಟಗಳೂ ಎಲ್ಲರಿಗೂ ಅವೇ. ವಿಡಿಯೊ ಗೇಮ್ ಹಾಗಲ್ಲ. ಯಾವ ಯಂತ್ರದಲ್ಲಿ ಆಡಿದಿರಿ, ಎಷ್ಟು ಗಂಟೆ ಆಡಿದಿರಿ, ಎಲ್ಲಿವರೆಗೆ ಹೋಗಿದ್ದೀರಿ, ಒಬ್ಬರೇ ಆಡಿದಿರೋ ಜತೆಗಾರರಿದ್ದರೋ, ಯಾವ ಭಾಷೆಯಲ್ಲಿ ಆಡಿದಿರಿ, ಕೈಯಿಂದ ಎಷ್ಟು ದುಡ್ಡು ಬಿಟ್ಟಿರಿ ಎಂಬುದರ ಮೇಲೆ ಆಟವೇ ಬೇರೆಯಾಗುತ್ತದೆ. ಈ ವಿವರ ಇಲ್ಲದ ಹೊಗಳಿಕೆ, ತೆಗಳಿಕೆ ಎರಡೂ ಓದುಗನಿಗೆ ನಿರುಪಯೋಗಿ. ಇತ್ತೀಚಿನ ವರ್ಷಗಳಲ್ಲಿ ಗೇಮ್‌ಗಳ ಸುತ್ತ ನಡೆದ ದೊಡ್ಡ ಜಗಳಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಗಟ್ಟಿಯಾಗಿ ಅನ್ನಿಸುವುದು ಇದು.

ಅಂಕಗಳ ವಿಷಯಕ್ಕೆ ಬನ್ನಿ. 2001ರಲ್ಲಿ ಶುರುವಾದ ಮೆಟಾಕ್ರಿಟಿಕ್, ಪತ್ರಿಕೆಗಳು ಕೊಟ್ಟ ಅಂಕಗಳನ್ನು ಕೂಡಿ ನೂರಕ್ಕೆ ಇಷ್ಟು ಎಂದು ಹೇಳುತ್ತದೆ, ಓದುಗರ ಅಂಕವನ್ನೂ ಪ್ರತ್ಯೇಕವಾಗಿ ತೋರಿಸುತ್ತದೆ. 2020ರ ಜೂನ್ 19ರಂದು ‘ದ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಬಿಡುಗಡೆಯಾದಾಗ ಕೆಲವೇ ಗಂಟೆಗಳಲ್ಲಿ ಅಲ್ಲಿ ಸೊನ್ನೆಗಳ ಸುರಿಮಳೆಯಾಯಿತು. ಮುಗಿಸಲು ಇಪ್ಪತ್ತು ಗಂಟೆಗಿಂತ ಹೆಚ್ಚು ಬೇಕಾದ ಆಟವದು. ಸೊನ್ನೆ ಕೊಟ್ಟವರಲ್ಲಿ ಬಹುಪಾಲು ಜನ ಆಟ ಮುಗಿಸಿರುವುದು ಸಾಧ್ಯವೇ ಇರಲಿಲ್ಲ. ಮರು ತಿಂಗಳು ಮೆಟಾಕ್ರಿಟಿಕ್, ಆಟ ಬಿಡುಗಡೆಯಾಗಿ 36 ಗಂಟೆ ಕಳೆಯುವವರೆಗೆ ಓದುಗರು ಅಂಕ ಕೊಡುವಂತಿಲ್ಲ ಎಂದು ನಿಯಮ ಮಾಡಿತು. ಸ್ಟೀಮ್‌ನ ಪದ್ಧತಿ ನನಗೆ ಇದಕ್ಕಿಂತ ಹಿಡಿಸುತ್ತದೆ. ಅಲ್ಲಿ ಅಂಕವೇ ಇಲ್ಲ, ಶಿಫಾರಸು ಮಾಡುತ್ತೀರೋ ಇಲ್ಲವೋ ಅಷ್ಟೇ ಕೇಳುತ್ತಾರೆ. ಬರೆದವರು ಎಷ್ಟು ಗಂಟೆ ಆಡಿದ್ದಾರೆ ಎಂಬುದು ಹೆಸರಿನ ಜತೆಯಲ್ಲೇ ಕಾಣುತ್ತದೆ. ನಾಲ್ಕು ನೂರು ಗಂಟೆ ಆಡಿ ‘ಬೇಡ’ ಎಂದವರ ಮಾತಿಗೂ ನಲವತ್ತು ನಿಮಿಷ ಆಡಿ ‘ಬೇಡ’ ಎಂದವರ ಮಾತಿಗೂ ಇರುವ ಅಂತರ ಕಣ್ಣಿಗೇ ಗೊತ್ತಾಗುತ್ತದೆ. ಆದರೆ ಒಂದು ತೊಡಕಿದೆ. ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಎಂಬ ನಿಯಮ ಅಲ್ಲಿದೆ. ಅನೇಕರ ತೀರ್ಮಾನ ಆ ಮೊದಲ ಎರಡು ಗಂಟೆಗಳಲ್ಲೇ ಆಗಿಹೋಗುತ್ತದೆ. ನಿಧಾನವಾಗಿ ಬಿಚ್ಚಿಕೊಳ್ಳುವ ಆಟಗಳಿಗೆ ಇದರಿಂದ ಅನ್ಯಾಯವಾಗುತ್ತದೆ.

ಇನ್ನು ‘ಈಗ’ ಎಂಬ ಮಾತು. ಯಾರಾದರೂ ‘ಸೈಬರ್‌ಪಂಕ್ 2077’ ಕೆಟ್ಟದ್ದು ಎಂದರೆ ಯಾವಾಗಿನ ಮಾತು ಎಂದು ಕೇಳಲೇಬೇಕು. 2020ರ ಡಿಸೆಂಬರ್ 10ರಂದು ಬಂದಾಗ ಅದು ಹಳೆಯ ಪ್ಲೇಸ್ಟೇಷನ್ 4ರಲ್ಲಿ ಆಡಲಾಗದಷ್ಟು ಮುರಿದಿತ್ತು. ಒಂದು ವಾರದಲ್ಲೇ ಸೋನಿ ಅದನ್ನು ತನ್ನ ಅಂಗಡಿಯಿಂದ ತೆಗೆದು ಹಣ ಹಿಂದಿರುಗಿಸಿತು, ಅದು ಮತ್ತೆ ಅಲ್ಲಿಗೆ ಬಂದದ್ದು 2021ರ ಜೂನ್‌ನಲ್ಲಿ. 2023ರ ಸೆಪ್ಟೆಂಬರ್‌ನಲ್ಲಿ ಬಂದ 2.0 ಆವೃತ್ತಿ ಪೊಲೀಸರ ವರ್ತನೆಯಿಂದ ಹಿಡಿದು ಕೌಶಲಗಳ ಏರ್ಪಾಡಿನವರೆಗೆ ಆಟವನ್ನೇ ಬದಲಿಸಿತು. ‘ನೋ ಮ್ಯಾನ್ಸ್ ಸ್ಕೈ’ 2016ರಲ್ಲಿ ಬಂದಾಗ ಕೊಟ್ಟ ಭರವಸೆಗಳಲ್ಲಿ ಅರ್ಧದಷ್ಟೂ ಇರಲಿಲ್ಲವೆಂದು ಜನ ಉರಿದುಬಿದ್ದಿದ್ದರು. ಹಲೋ ಗೇಮ್ಸ್ ತಂಡ ಬಾಯಿಗೆ ಬೀಗ ಹಾಕಿಕೊಂಡು ವರ್ಷದಿಂದ ವರ್ಷಕ್ಕೆ ಉಚಿತವಾಗಿ ಹೊಸದನ್ನು ಸೇರಿಸುತ್ತಲೇ ಹೋಯಿತು. ಸ್ಟೀಮ್‌ನಲ್ಲಿ ಅದರ ಒಟ್ಟಾರೆ ವಿಮರ್ಶೆ ‘ಬಹಳ ಒಳ್ಳೆಯದು’ ಎಂಬ ಮಟ್ಟ ಮುಟ್ಟಿದ್ದು ಎಂಟು ವರ್ಷಗಳ ನಂತರ, 2024ರಲ್ಲಿ. ಈ ಎರಡನ್ನೂ ಬಿಡುಗಡೆಯ ವಾರದ ತೀರ್ಪಿನಿಂದ ಅಳೆದವರು ಇವತ್ತು ಇಲ್ಲದ ಆಟವನ್ನು ಬೈಯುತ್ತಿದ್ದಾರೆ. ಹಾಗೆಂದು ಅರೆಬೆಂದದ್ದನ್ನು ಪೂರ್ತಿ ಬೆಲೆಗೆ ಮಾರಿದ್ದು ಸರಿಯಾಗುವುದಿಲ್ಲ. ಮೊದಲ ದಿನ ಕೊಂಡವರ ದೂರು ಇಂದಿಗೂ ನ್ಯಾಯವಾದದ್ದೇ.

ಕೆಲವು ಸಲ ವಿಮರ್ಶೆಯ ಜಾಗ ಧರಣಿಯ ಜಾಗವಾಗುತ್ತದೆ. ‘ಹೆಲ್‌ಡೈವರ್ಸ್ 2’ ಅದಕ್ಕೆ ಒಳ್ಳೆಯ ಉದಾಹರಣೆ. ಸ್ವೀಡನ್ನಿನ ಆ್ಯರೋಹೆಡ್ ಮಾಡಿದ, ನಾಲ್ವರು ಸೇರಿ ಆಡುವ ಈ ಶೂಟರ್ 2024ರ ಫೆಬ್ರವರಿಯಲ್ಲಿ ಬಂದು ಎಲ್ಲರ ಮೆಚ್ಚಿನದಾಗಿತ್ತು. ಮೇ ತಿಂಗಳಲ್ಲಿ ಪ್ರಕಾಶಕರಾದ ಸೋನಿ, ಕಂಪ್ಯೂಟರಿನಲ್ಲಿ ಆಡುವವರೂ ಪ್ಲೇಸ್ಟೇಷನ್ ಖಾತೆ ಜೋಡಿಸಲೇಬೇಕು ಎಂದಿತು. ಆ ಖಾತೆಯ ಸೌಲಭ್ಯವೇ ಇಲ್ಲದ ದೇಶಗಳು ನೂರಕ್ಕೂ ಮಿಕ್ಕಿ. ದುಡ್ಡು ಕೊಟ್ಟು ತಿಂಗಳುಗಟ್ಟಲೆ ಆಡುತ್ತಿದ್ದವರ ಕೈಯಿಂದ ಆಟ ಜಾರಿಹೋಗುವುದರಲ್ಲಿತ್ತು. ಒಂದು ವಾರಾಂತ್ಯದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ನಕಾರಾತ್ಮಕ ವಿಮರ್ಶೆಗಳು ಬಿದ್ದವು, ಸೋನಿ ನಿರ್ಧಾರ ಹಿಂದೆಗೆದುಕೊಂಡಿತು. ಆಟಗಾರರು ಮಾಡಿದ್ದು ಸರಿ ಎಂದೇ ನನ್ನ ನಿಲುವು, ಏಕೆಂದರೆ ಅವರಿಗೆ ಬೇರೆ ಬಾಗಿಲು ಇರಲಿಲ್ಲ. ಆದರೆ ಅಂಥ ವಿಮರ್ಶೆಗಳನ್ನು ಮನವಿಪತ್ರವಾಗಿ ಓದಬೇಕು. ಆಟದಲ್ಲಿ ಗುಂಡು ಹಾರಿಸುವುದು ಹೇಗಿದೆ ಎಂಬುದು ಅವುಗಳಿಂದ ತಿಳಿಯುವುದಿಲ್ಲ.

ಹೊಗಳಿಕೆಗೂ ಇದೇ ಎಚ್ಚರಿಕೆ ಬೇಕು. ಫ್ರಾನ್ಸಿನ ಮೊಂಪೆಲಿಯೆ ನಗರದ ಸ್ಯಾಂಡ್‌ಫಾಲ್ ಇಂಟರ್‌ಆ್ಯಕ್ಟಿವ್ ಮಾಡಿದ ‘ಕ್ಲೇರ್ ಅಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33’ 2025ರ ಏಪ್ರಿಲ್ 24ರಂದು ಬಂದು, 33 ದಿನಗಳಲ್ಲಿ 33 ಲಕ್ಷ ಪ್ರತಿ ಮಾರಿ, ಡಿಸೆಂಬರ್‌ನಲ್ಲಿ ಗೇಮ್ ಅವಾರ್ಡ್ಸ್‌ನ ವರ್ಷದ ಆಟವೆಂಬ ಪ್ರಶಸ್ತಿಯೂ ಸೇರಿ ಒಂಬತ್ತನ್ನು ಬಾಚಿತು. ಪೇಂಟ್ರೆಸ್ ಎಂಬಾಕೆ ವರ್ಷಕ್ಕೊಮ್ಮೆ ದೂರದ ದೊಡ್ಡ ಕಂಬದ ಮೇಲೆ ಒಂದು ಸಂಖ್ಯೆ ಬರೆಯುತ್ತಾಳೆ, ಆ ವಯಸ್ಸಿನವರೆಲ್ಲ ಹೂವಿನ ಎಸಳಾಗಿ ಗಾಳಿಯಲ್ಲಿ ಕರಗಿಹೋಗುತ್ತಾರೆ. ಸಂಖ್ಯೆ ವರ್ಷವರ್ಷಕ್ಕೂ ಇಳಿಯುತ್ತಿದೆ. ಬಂದರಿನಲ್ಲಿ ಒಬ್ಬರನ್ನೊಬ್ಬರು ಬೀಳ್ಕೊಡುವ ಆರಂಭದ ದೃಶ್ಯ ಈಚಿನ ಆಟಗಳಲ್ಲೇ ಅತ್ಯಂತ ಗಾಢವಾದದ್ದು. ಸರದಿಯ ಮೇಲೆ ಹೊಡೆದಾಡುವ ಹಳೆಯ ಜಪಾನೀ ಪದ್ಧತಿಗೆ, ಶತ್ರುವಿನ ಏಟನ್ನು ಸರಿಯಾದ ಕ್ಷಣದಲ್ಲಿ ಬಟನ್ ಒತ್ತಿ ತಡೆಯುವ ಚುರುಕನ್ನು ಇವರು ಬೆರೆಸಿದ್ದಾರೆ. ಅದೇ ಕೆಲವರಿಗೆ ಅಡ್ಡಿ. ಸರದಿಯಾಟವೆಂದರೆ ಸಾವಧಾನವಾಗಿ ಯೋಚಿಸಿ ಆಡುವುದು ಎಂದು ನಂಬಿ ಬಂದವರಿಗೆ ಇಲ್ಲಿ ಬೆರಳಿನ ವೇಗವೂ ಬೇಕು. ಕಷ್ಟದ ಮಟ್ಟ ಇಳಿಸಿ ಆಡುವ ಅವಕಾಶ ಇದೆ. ಕಥೆಗಾಗಿ ಆಡುವವರು ಸಂಕೋಚವಿಲ್ಲದೆ ಅದನ್ನೇ ಆರಿಸಿಕೊಳ್ಳಲಿ, ಕಳೆದುಕೊಳ್ಳುವುದು ಏನೂ ಇಲ್ಲ.

ಇಷ್ಟೂ ಕಂಪ್ಯೂಟರ್, ಕನ್ಸೋಲ್ ಲೋಕದ ಮಾತು. ನಮ್ಮಲ್ಲಿ ‘ಗೇಮ್ ಆಡ್ತಿದ್ದೀಯಾ’ ಎಂದರೆ ಸಾಮಾನ್ಯವಾಗಿ ಅರ್ಥ ಕೈಯಲ್ಲಿರುವ ಫೋನು. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು, 2018ರಲ್ಲಿ ಪಬ್‌ಜಿ ಮೊಬೈಲ್ ಬಂತು, ಒಂದೇ ವರ್ಷದಲ್ಲಿ ಹಳ್ಳಿಯ ಕಟ್ಟೆಯಿಂದ ಹಾಸ್ಟೆಲ್ ಕೋಣೆಯವರೆಗೆ ನಾಲ್ವರ ಸ್ಕ್ವಾಡುಗಳು ಹುಟ್ಟಿದವು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು, ಅವುಗಳಲ್ಲಿ ಪಬ್‌ಜಿಯೂ ಒಂದು. ಪಬ್‌ಜಿಯ ಒಡೆತನ ಹೊಂದಿರುವ ಕ್ರಾಫ್ಟನ್ ಕಂಪನಿ 2021ರ ಜುಲೈಯಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಭಾರತಕ್ಕಾಗಿಯೇ ಬೇರೆ ಆವೃತ್ತಿ ತಂದಿತು. ಅದೂ 2022ರ ಜುಲೈ 28ರಂದು ಮಾಯವಾಗಿ 2023ರ ಮೇ ಕೊನೆಯಲ್ಲಿ ಮರಳಿತು. ಮರಳಿದಾಗ 18ರೊಳಗಿನವರಿಗೆ ದಿನಕ್ಕೆ ಮೂರು ಗಂಟೆ, ದೊಡ್ಡವರಿಗೆ ಆರು ಗಂಟೆಯ ಮಿತಿ ಇತ್ತು.

ಬಿಜಿಎಂಐ ಆಡುವವರ ಮಾತು ಕಿವಿಗೊಟ್ಟು ಕೇಳಿ. “ಪಿಂಗ್ ನೂರು ದಾಟ್ತಿದೆ ಮಗಾ”, “ಫೋನ್ ಕಾಯ್ತಿದೆ, ಫ್ರೇಮ್ ಡ್ರಾಪ್ ಆಗ್ತಿದೆ”, “ಎದುರಿಗಿರೋನು ಪಕ್ಕಾ ಹ್ಯಾಕರ್”. ಕಥೆ, ಸಂಗೀತ, ಕಲೆ ಇವು ಅಲ್ಲಿ ಚರ್ಚೆಗೇ ಬರುವುದಿಲ್ಲ. ಇದು ಕೀಳು ಮಟ್ಟದ ಚರ್ಚೆ ಎಂದು ಮೂಗು ಮುರಿಯುವವರ ಜತೆ ನಾನಿಲ್ಲ. ನೂರು ಮಿಲಿಸೆಕೆಂಡ್ ತಡವಾದರೆ ನಿಮ್ಮ ಗುಂಡು ಹೊರಡುವ ಮುಂಚೆ ನೀವು ಸತ್ತಿರುತ್ತೀರಿ. ಹತ್ತು ಸಾವಿರದ ಫೋನಿನಲ್ಲಿ ಆಡುವವನಿಗೆ ಆ ಆಟದ ಬಗ್ಗೆ ಗೊತ್ತಾಗಬೇಕಾದ ಮೊದಲ ಸಂಗತಿ ಅದೇ. ಇದೇ ಬಗೆಯ ಇನ್ನೊಂದು ಆಟ ಫ್ರೀ ಫೈರ್ ಸಣ್ಣ ಊರುಗಳಲ್ಲಿ ಬೇರೂರಿದ್ದೂ ಇದೇ ಕಾರಣಕ್ಕೆ: ಕಡಿಮೆ ಮೆಮೊರಿಯ ಫೋನಿನಲ್ಲೂ ಓಡುತ್ತದೆ, ಒಂದು ಪಂದ್ಯ ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. 2022ರ ಫೆಬ್ರವರಿ 14ರಂದು ಫ್ರೀ ಫೈರ್ ನಿಷೇಧವಾದರೂ ಫ್ರೀ ಫೈರ್ ಮ್ಯಾಕ್ಸ್ ಉಳಿದುಕೊಂಡಿತು, ಹುಡುಗರು ಅದಕ್ಕೆ ದಾಟಿಕೊಂಡರು.

ಬಿಜಿಎಂಐ, ಫ್ರೀ ಫೈರ್ ಎರಡರ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ, ತಂದೆತಾಯಂದಿರು ಗಮನಿಸಲಿ. ಬಿಜಿಎಂಐನಲ್ಲಿ ಯುಸಿ ಎಂಬ ಆಟದ ನಾಣ್ಯ ಕೊಟ್ಟು ಕೊಳ್ಳುವ ಬಂದೂಕಿನ ಸ್ಕಿನ್ ನೋಟಕ್ಕೆ ಚೆಂದ, ಅದರಿಂದ ಏಟಿನ ಬಲ ಹೆಚ್ಚುವುದಿಲ್ಲ. ಫ್ರೀ ಫೈರ್‌ನಲ್ಲಿ ಡೈಮಂಡ್ ಎಂಬ ಅಲ್ಲಿನ ನಾಣ್ಯ ಸುರಿದು ಪಡೆಯುವ ಹಲವು ಗನ್ ಸ್ಕಿನ್‌ಗಳು ಹೊಡೆತದ ಬಲವನ್ನೋ ಗುಂಡು ಹಾರಿಸುವ ವೇಗವನ್ನೋ ಏರಿಸುತ್ತವೆ. ಅಂದರೆ ದುಡ್ಡಿದ್ದವನಿಗೆ ಗೆಲ್ಲುವ ಅವಕಾಶ ಜಾಸ್ತಿ. ಅದರಲ್ಲೂ ಒಳ್ಳೆಯ ಸ್ಕಿನ್ ಬೇಕಾದರೆ ಎಷ್ಟೋ ಸಲ ನೇರವಾಗಿ ಕೊಳ್ಳಲಾಗದು, ಚಕ್ರ ತಿರುಗಿಸಿ ಅದೃಷ್ಟ ನೋಡಬೇಕು. ಹದಿಮೂರರ ಹುಡುಗನ ಕೈಯಲ್ಲಿ ಆ ಚಕ್ರ ಇರಬಾರದು ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಬೆಲ್ಜಿಯಂ 2018ರಲ್ಲೇ ಹಣ ಕೊಟ್ಟು ತೆರೆಯುವ ಇಂಥ ಅದೃಷ್ಟದ ಪೆಟ್ಟಿಗೆಗಳನ್ನು ಜೂಜೆಂದು ಪರಿಗಣಿಸಿತು.

ಜೂಜಿನ ಪ್ರಶ್ನೆ ನಮ್ಮ ರಾಜ್ಯದಲ್ಲೂ ಗೇಮ್‌ಗಳ ಮೇಲಿನ ಜನಾಭಿಪ್ರಾಯವನ್ನು ಕದಡಿದೆ. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು, ಅಂದರೆ ದೆಹಲಿ ಫ್ರೀ ಫೈರ್ ನಿಷೇಧಿಸಿದ ದಿನವೇ, ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಆಟಗಳನ್ನು ವಿಂಗಡಿಸಿ, ಹಣ ಹೂಡಿ ಹಣ ಗೆಲ್ಲುವವನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಮನ್ನಣೆ ಕೊಟ್ಟಿತು. ಮನೆಯಲ್ಲಿ ಮಾತ್ರ ರಮ್ಮಿಯೂ ಮೈನ್‌ಕ್ರಾಫ್ಟೂ ಒಂದೇ ‘ಆನ್‌ಲೈನ್ ಗೇಮ್’ ಆಗಿ ಕೇಳಿಸುತ್ತವೆ. ಈ ಗೊಂದಲ ಭಾರತದ್ದಷ್ಟೇ ಅಲ್ಲ. ಕೆನಡಾದ ಒಬ್ಬನೇ ವ್ಯಕ್ತಿ ಲೋಕಲ್‌ಥಂಕ್ ಎಂಬ ಹೆಸರಿನಲ್ಲಿ ಮಾಡಿದ ‘ಬಲಾಟ್ರೊ’ (2024) ಇಸ್ಪೀಟಿನ ಪೋಕರ್ ಜೋಡಿಗಳನ್ನು ಸೇರಿಸಿ ಅಂಕ ಗುಣಿಸುತ್ತ ಹೋಗುವ ಆಟ. ಪಂದ್ಯ ಕಟ್ಟುವುದು, ನಿಜವಾದ ಹಣ ಹಾಕುವುದು ಅದರಲ್ಲಿ ಇಲ್ಲವೇ ಇಲ್ಲ. ಆದರೂ ಯುರೋಪಿನ ವಯೋಮಿತಿ ಮಂಡಳಿ ಅದಕ್ಕೆ 18 ಎಂದು ಮುದ್ರೆ ಒತ್ತಿತ್ತು, ಅದೇ ಮಂಡಳಿ ಹಣಕ್ಕೆ ಅದೃಷ್ಟದ ಪೊಟ್ಟಣ ಮಾರುವ ಫುಟ್‌ಬಾಲ್ ಆಟಕ್ಕೆ 3 ಎಂದಿತ್ತು. ತಕರಾರಿನ ನಂತರ 2025ರ ಫೆಬ್ರವರಿಯಲ್ಲಿ ಬಲಾಟ್ರೊವನ್ನು 12ಕ್ಕೆ ಇಳಿಸಿದರು.

ಸದ್ದು ಮಾಡದೆ ವರ್ಷಗಟ್ಟಲೆ ಆಡಿಸಿಕೊಳ್ಳುವ ಆಟಗಳೂ ಇವೆ, ಅವುಗಳ ಬಗ್ಗೆ ಜಗಳ ಕಡಿಮೆ. ಎರಿಕ್ ಬರೋನ್ ಒಬ್ಬರೇ ನಾಲ್ಕೂವರೆ ವರ್ಷ ಕೂತು ಮಾಡಿದ ‘ಸ್ಟಾರ್‌ಡ್ಯೂ ವ್ಯಾಲಿ’ 2016ರಿಂದ ಇಂದಿನವರೆಗೂ ಜನರನ್ನು ಆಡಿಸುತ್ತಿದೆ. ಅಜ್ಜನ ಹೊಲ ಉತ್ತು ಬಿತ್ತಿ, ಊರಿನವರ ಜತೆ ಹೊಂದಿಕೊಂಡು ಬದುಕುವ ಆಟ ಅದು. ಹೆಣ್ಣುಮಕ್ಕಳು, ಮಧ್ಯವಯಸ್ಕರು ಮೆಚ್ಚಿ ಆಡುವ ಇಂಥ ಆಟಗಳ ಬಗ್ಗೆ ಬರೆಯುವವರು ಶೂಟರ್‌ಗಳ ಬಗ್ಗೆ ಬರೆಯುವವರಿಗಿಂತ ಕಡಿಮೆ ಇರುವುದು ಸರಿಯಲ್ಲ.

‘ವೆಂಬಾ’ದ ಹತ್ತಿರ ಒಂದಷ್ಟು ಹೊತ್ತು ನಿಲ್ಲಬೇಕು. ಟೊರಾಂಟೊದ ವಿಸೈ ಗೇಮ್ಸ್ 2023ರಲ್ಲಿ ತಂದ ಈ ಪುಟ್ಟ ಆಟ 1980ರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ಕುಟುಂಬವೊಂದರ ಕಥೆ. ಅಮ್ಮ ಕೊಟ್ಟ ಅಡುಗೆ ಪುಸ್ತಕದ ಅಕ್ಷರಗಳು ಅಲ್ಲಲ್ಲಿ ಅಳಿಸಿವೆ, ಪುಟಗಳು ಹರಿದಿವೆ. ಉಳಿದ ಸುಳಿವು ಹಿಡಿದು ಆಟಗಾರ ಅಡುಗೆ ಮಾಡಬೇಕು. ಇಡ್ಲಿ ತಟ್ಟೆಗಳನ್ನು ಹೇಗೆ ಪೇರಿಸಿದರೆ ಹಬೆ ಎಲ್ಲ ಕಡೆ ಆಡುತ್ತದೆ ಎಂಬುದು ಅಲ್ಲಿ ಬಿಡಿಸಬೇಕಾದ ಒಗಟು. ಮಗ ಬೆಳೆಯುತ್ತಾನೆ, ಮನೆಮಾತನ್ನು ದೂರ ಮಾಡುತ್ತಾನೆ, ತಾಯಿಯ ಮಾತು ಅವನಿಗೆ ತುಂಡುತುಂಡಾಗಿ ತಲುಪುತ್ತದೆ. ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ, ಇಷ್ಟಕ್ಕೆ ಇಷ್ಟು ಬೆಲೆಯೇ ಎಂದವರು ಬಹಳ. 2024ರಲ್ಲಿ ಬಾಫ್ತಾ ಅದಕ್ಕೆ ಚೊಚ್ಚಲ ಆಟದ ಪ್ರಶಸ್ತಿ ಕೊಟ್ಟಿತು. ಗಂಟೆಗೆ ಎಷ್ಟು ರೂಪಾಯಿ ಎಂದು ಭಾಗಿಸಿ ಆಟ ಅಳೆಯುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಸಾಗರದಾಚೆ ಮಕ್ಕಳಿಗೆ ಕನ್ನಡ ಉಳಿಸಲು ಒದ್ದಾಡುವ ಮನೆಗಳವರು ‘ವೆಂಬಾ’ ಆಡಿ ನೋಡಲಿ, ಅದು ಅವರ ಮನೆಯದೇ ಕಥೆ. ನಮ್ಮ ದೇಶದಲ್ಲೇ ಆದ ಆಟದ ಮಾತಿಗೆ ಬಂದರೆ, ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ಮಾಡಿದ ‘ರಾಜಿ’ಯ ಚಿತ್ರ ಸೊಗಸು ಎಲ್ಲರೂ ಮೆಚ್ಚಿದ್ದು, ಹೊಡೆದಾಟ ಮಾತ್ರ ಒರಟು, ಮುಕ್ತಾಯ ಅವಸರದ್ದು.

ಕನ್ನಡದ ಮಟ್ಟಿಗೆ ಸ್ಥಿತಿ ಹೀಗಿದೆ. 30 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದ ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ, ಸಂಬಳವಿಲ್ಲದೆ ಅನುವಾದಿಸುವ ಉತ್ಸಾಹಿಗಳ ದುಡಿಮೆ ಅದು. ಬೆಂಗಳೂರಿನಲ್ಲಿ 1997ರಲ್ಲೇ ರಾಜೇಶ್ ರಾವ್ ಧ್ರುವ ಇಂಟರ್‌ಆ್ಯಕ್ಟಿವ್ ಕಟ್ಟಿದರು, 2019ರಲ್ಲಿ ಅದನ್ನು ಜಿಟಿಎ ಆಟಗಳ ಕಂಪನಿ ರಾಕ್‌ಸ್ಟಾರ್ ಕೊಂಡು ತನ್ನ ಬೆಂಗಳೂರು ಸ್ಟುಡಿಯೊಗೆ ಸೇರಿಸಿಕೊಂಡಿತು. ಹೀಗೆ ಜಗತ್ತು ಆಡುವ ಆಟಗಳ ಹಿಂದೆ ಇಲ್ಲಿನವರ ಕೈಯೂ ಇದೆ. ಯೂಟ್ಯೂಬಿನಲ್ಲಿ ಕನ್ನಡದಲ್ಲೇ ಹರಟುತ್ತ ಆಡಿ ತೋರಿಸುವವರಿದ್ದಾರೆ, ಅವರ ಮಾತಿನಲ್ಲಿ ಜೀವವಿದೆ. ಆದರೆ ಲೈವ್ ಮಾತು ಆ ಕ್ಷಣದ್ದು, ಆರು ತಿಂಗಳ ನಂತರ ಹುಡುಕುವವರಿಗೆ ಸಿಗುವುದು ಕಷ್ಟ. ಕೂತು ಯೋಚಿಸಿ ಬರೆದ ಗೇಮ್ ವಿಮರ್ಶೆ ಕನ್ನಡದಲ್ಲಿ ತೀರಾ ವಿರಳ. ಸಿನಿಮಾಕ್ಕೆ, ಪುಸ್ತಕಕ್ಕೆ, ಕ್ರಿಕೆಟ್ಟಿಗೆ ವಾರವಾರವೂ ಜಾಗ ಕೊಡುವ ನಮ್ಮ ಪತ್ರಿಕೆಗಳು ಗೇಮ್‌ಗಳನ್ನು ನೆನೆಯುವುದು ನಿಷೇಧವಾದಾಗ, ಇಲ್ಲವೇ ದುರಂತವಾದಾಗ. ಮಗ ಏನು ಆಡುತ್ತಿದ್ದಾನೆ, ಅದರಲ್ಲಿ ಒಳ್ಳೆಯದೇನು, ದುಡ್ಡು ಎಲ್ಲಿ ಸೋರುತ್ತದೆ ಎಂದು ತಿಳಿಯಬಯಸುವ ತಾಯಿಗೆ ಕನ್ನಡದಲ್ಲಿ ಓದಲು ಹೆಚ್ಚೇನೂ ಇಲ್ಲ.

ಹಾಗಾಗಿ ಇದನ್ನು ಓದುತ್ತಿರುವ ಆಟಗಾರರಲ್ಲಿ ಒಂದು ಕೋರಿಕೆ. ಈಗ ಆಡುತ್ತಿರುವ ಆಟದ ಬಗ್ಗೆ ಒಂದು ಪುಟ ಕನ್ನಡದಲ್ಲಿ ಬರೆಯಿರಿ. ಯಾವ ಫೋನು ಅಥವಾ ಕಂಪ್ಯೂಟರ್, ಎಷ್ಟು ಗಂಟೆ, ಎಲ್ಲಿವರೆಗೆ ಬಂದಿದ್ದೀರಿ, ಒಟ್ಟು ಎಷ್ಟು ಖರ್ಚಾಯಿತು ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿಬಿಡಿ. ಆಮೇಲೆ ನಿಮಗೆ ಹಿಡಿಸಿದ ಒಂದು ಗಳಿಗೆಯನ್ನು, ಸಿಟ್ಟು ಬರಿಸಿದ ಒಂದು ಸಂಗತಿಯನ್ನು ಬಿಡಿಸಿ ಬರೆಯಿರಿ. ರಾಕ್‌ಸ್ಟಾರ್ ಹೇಳಿರುವ ಪ್ರಕಾರ ಜಿಟಿಎ 6 ಬರುವುದು 2026ರ ನವೆಂಬರ್ 19ಕ್ಕೆ. ಅದು ಬರುವ ಹೊತ್ತಿಗೆ ಕನ್ನಡದಲ್ಲಿ ಅಂಥ ಐವತ್ತು ಬರಹಗಳಾದರೂ ಇರಲಿ.